ಆಡುವುದಕ್ಕೂ ಚೀಟಿ ಬೇಕೆ?

ಸಿಂಧನೂರಿನಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಹೊರಗೆ ಬಂದು ನೋಡಿ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನ್‌ವಾಸ್ ಬೂಟು ಹಾಕಿಕೊಂಡ ಹೆಂಗಸರು ಗುಂಪು ಗುಂಪಾಗಿ ನಡೆಯುತ್ತಿರುತ್ತಾರೆ. ನಾನೂ ಅವರಲ್ಲೊಬ್ಬಳು. ಪರಿಚಯದವರು ಎದುರಾಗಿ “ಏನ್ರೀ ಅಕ್ಕಾರ, ಇಷ್ಟು ಲಗೂ?” ಎಂದರೆ ನಮ್ಮೆಲ್ಲರ ಬಾಯಲ್ಲಿ ಒಂದೇ ಉತ್ತರ: “ಶುಗರ್ ಐತ್ರಿ, ಡಾಕ್ಟ್ರು ನಡೀರಿ ಅಂದಾರ.” “ನನಗ ಖುಷಿ ಅನಸ್ತದ, ಅದಕ್ಕ ಬಂದೀನಿ” ಎಂದು ಒಬ್ಬಳಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ಶುಗರ್ ಇಲ್ಲ. ಆದರೂ ಮೂರು ವರ್ಷ ನಾನೂ ಅದೇ ಸುಳ್ಳನ್ನು ಹೇಳಿಕೊಂಡು ನಡೆದೆ.

ಯಾಕೆ ಹೇಳಿದೆ ಎಂದು ಯೋಚಿಸಿದಾಗ ನನಗೇ ನಾಚಿಕೆಯಾಯಿತು. ನಮ್ಮ ಊರುಗಳಲ್ಲಿ ಹೆಂಗಸು ಹೊಸ್ತಿಲು ದಾಟಲು ಒಂದು ಚೀಟಿ ಬೇಕು. ನಡೆಯಲು ಡಾಕ್ಟರ ಚೀಟಿ. ಗುಡ್ಡ ಹತ್ತಲು ದೇವರ ಚೀಟಿ. ನೀರಿಗಿಳಿಯಲು ಮೈಲಿಗೆ ಬಟ್ಟೆಯ ಚೀಟಿ. ಬಿಸಿಲಲ್ಲಿ ನಿಲ್ಲಲು ಹಪ್ಪಳ ಸಂಡಿಗೆಯ ಚೀಟಿ. ಬರೀ ಸಂತೋಷಕ್ಕಾಗಿ, ಬರೀ ಆಟಕ್ಕಾಗಿ ಹೊರಟೆನೆಂದರೆ ಅದಕ್ಕೆ ಸಹಿ ಹಾಕುವವರು ಯಾರೂ ಇಲ್ಲ.

ನಾನು ಹುಟ್ಟಿದ್ದು ಮಸ್ಕಿಯಲ್ಲಿ. ಅಶೋಕನ ಹೆಸರನ್ನೇ ಕೆತ್ತಿದ ಶಾಸನ 1915ರಲ್ಲಿ ಸಿಕ್ಕ ಊರು ಎಂದು ನಮ್ಮ ಮಾಸ್ತರು ಎದೆಯುಬ್ಬಿಸಿ ಹೇಳುತ್ತಿದ್ದರು. ಮಲ್ಲಿಕಾರ್ಜುನನ ಗುಡ್ಡವನ್ನು ನಮ್ಮವ್ವ ಹರಕೆ ಹೊತ್ತು ಬರಿಗಾಲಲ್ಲಿ ಹತ್ತುತ್ತಿದ್ದಳು, ಸೊಂಟದ ಮೇಲೆ ನನ್ನ ತಮ್ಮನನ್ನು ಕೂರಿಸಿಕೊಂಡು. ಮೇಲೆ ಹೋದಮೇಲೆ ಸೆರಗು ಬಿಚ್ಚಿ ಗಾಳಿಗೆ ಮುಖ ಒಡ್ಡಿ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅದು ಭಕ್ತಿಯೆಂದು ಎಲ್ಲರೂ ತಿಳಿದಿದ್ದರು. ಅದರಲ್ಲಿ ಅರ್ಧ ಗಾಳಿಯ ಸುಖವೇ ಇತ್ತೆಂದು ನನಗೆ ಈಗ ಅನ್ನಿಸುತ್ತದೆ.

ಕಾರಹುಣ್ಣಿಮೆ ಬಂತೆಂದರೆ ನಮ್ಮ ಕಡೆ ಗಾಳಿ ಏಳುತ್ತದೆ. ಹುಡುಗರು ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ನಮ್ಮ ಪಾಲಿಗೆ ಬರುತ್ತಿದ್ದದ್ದು ದಾರದ ಉಂಡೆ ಹಿಡಿದು ನಿಲ್ಲುವ ಕೆಲಸ. ಬಾವಿಯಲ್ಲಿ ಈಜು ಕಲಿಸಲು ದೊಡ್ಡಪ್ಪ ಮಕ್ಕಳ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಇಳಿಸುತ್ತಿದ್ದ. ನನ್ನನ್ನೂ ಇಳಿಸಿದ. ಹತ್ತನೆಯ ವರ್ಷಕ್ಕೆ ಡಬ್ಬಿ ಬಿಚ್ಚಿ ಈಜಿದೆ. ಹನ್ನೆರಡಕ್ಕೆ ಅಜ್ಜಿ “ಇನ್ನ ಸಾಕು, ದೊಡ್ಡಾಕಿ ಆದಿ” ಎಂದಳು. ಆ ಬೇಸಿಗೆಯಲ್ಲಿ ತಮ್ಮ ಬಾವಿಗೆ ಹಾರುವ ಸದ್ದನ್ನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡೆ.

ಮದುವೆಯಾಗಿ ಲಿಂಗಸುಗೂರಿಗೆ ಬಂದೆ. ನಮ್ಮತ್ತೆ ಬಲು ಶಿಸ್ತಿನವರು. ಸೊಸೆ ಅಂಗಳದಲ್ಲಿ ನಿಂತರೂ ಕೆಮ್ಮುತ್ತಿದ್ದರು. ಆದರೆ ನಾಗರ ಪಂಚಮಿಯ ದಿನ ಅದೇ ಅತ್ತೆ ಬೇವಿನ ಮರದ ಜೋಕಾಲಿ ಹತ್ತಿ, ಕಚ್ಚೆ ಬಿಗಿದು, ನಿಂತು ಜೀಕುತ್ತಿದ್ದರು. ಮರದ ತುದಿಯ ಎಲೆಯನ್ನು ಹಲ್ಲಲ್ಲಿ ಕಚ್ಚಿ ತರುತ್ತಿದ್ದರು! ಐವತ್ತು ದಾಟಿದ ಹೆಂಗಸು. ಆ ದಿನ ಯಾರೂ “ಗಂಡುಬೀರಿ” ಅನ್ನುತ್ತಿರಲಿಲ್ಲ. ಮರುದಿನ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರೆ ಮತ್ತೆ ಕೆಮ್ಮು ಶುರು. ಗಾಳಿಯಲ್ಲಿ ತೇಲುವ ಆಸೆ ನಮ್ಮ ಹೆಂಗಸರಿಗೆ ಪರದೇಶದಿಂದ ಬಂದದ್ದಲ್ಲ. ಅದನ್ನು ವರ್ಷಕ್ಕೊಂದು ದಿನಕ್ಕೆ ಕಟ್ಟಿಹಾಕಿದ್ದೇವೆ, ಅಷ್ಟೆ.

ಇದನ್ನೆಲ್ಲ ನೆನಪಿಸಿದ್ದು ಗೋವೆಯ ಸಮುದ್ರ. ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನಿನ ರಜೆಗೆ ಹೋದಾಗ ದಂಡೆಯಲ್ಲಿ ವಿಂಡ್‌ಸರ್ಫಿಂಗ್ ಕಲಿಸುತ್ತಿದ್ದರು. ಒಂದು ಉದ್ದನೆಯ ಹಲಗೆ, ಅದರ ನಡುವೆ ಎಲ್ಲ ಕಡೆಗೂ ಬಾಗುವ ಕೀಲಿನ ಮೇಲೆ ನಿಂತ ಕಂಬ, ಕಂಬಕ್ಕೆ ಹಾಯಿ. ಹಲಗೆಯ ಮೇಲೆ ನಿಂತು, ಹಾಯಿಯ ಅಡ್ಡಪಟ್ಟಿ ಹಿಡಿದು, ಗಾಳಿಯನ್ನು ತುಂಬಿಸಿಕೊಂಡು ಹೋಗುವುದು. ಇಂಜಿನ್ನಿಲ್ಲ, ಚುಕ್ಕಾಣಿಯಿಲ್ಲ. ಹಾಯಿಯನ್ನು ಮುಂದೆ ಬಾಗಿಸಿದರೆ ಹಲಗೆ ಗಾಳಿಯ ದಿಕ್ಕಿನತ್ತ ಹೊರಳುತ್ತದೆ, ಹಿಂದೆ ಬಾಗಿಸಿದರೆ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತದೆ. “ಅವ್ವಾ, ನೀ ಈಜಾಕಿ ಅಲ್ಲ, ನೋಡು” ಎಂದು ಮಗಳು ದೂಡಿದಳು. ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ ಹಲಗೆ ಹತ್ತಿದೆ.

ಹನ್ನೊಂದು ಸಲ ಬಿದ್ದೆ. ನೀರಲ್ಲಿ ಬಿದ್ದ ಹಾಯಿಯನ್ನು ಹಗ್ಗದಿಂದ ಎಳೆದೆತ್ತುವುದು ಬಾವಿಯಿಂದ ತುಂಬಿದ ಕೊಡ ಸೇದಿದಂತೆ. ಸೊಂಟದ ಬಲ ಗೊತ್ತಿದ್ದವರಿಗೆ ಅದು ಹೊಸದಲ್ಲ. ಹನ್ನೆರಡನೆಯ ಸಲ ಹಾಯಿ ತುಂಬಿತು. ಇಪ್ಪತ್ತು ಮಾರು ಹೋಗಿರಬಹುದು. ಪಂಚಮಿಯ ಜೋಕಾಲಿ ಹಗ್ಗ ಬಿಚ್ಚಿಕೊಂಡು ಸಮುದ್ರಕ್ಕೆ ಹೊರಟಂತಾಯಿತು.

ಅದೇ ದಿನ ಒಬ್ಬ ಹುಡುಗಿ ನಮ್ಮೆದುರೇ ನೀರಿನಿಂದ ಮೇಲೆದ್ದು ಹೋದಳು. ಸುಳ್ಳಲ್ಲ. ಅದು ವಿಂಡ್‌ಫಾಯ್ಲಿಂಗ್. ಹಲಗೆಯ ತಳಕ್ಕೆ ಒಂದು ಕಂಬ, ಕಂಬದ ತುದಿಗೆ ನೀರೊಳಗೆ ವಿಮಾನದ ರೆಕ್ಕೆಯಂಥ ರೆಕ್ಕೆ. ವೇಗ ಬಂದಾಗ ಆ ರೆಕ್ಕೆ ಹಲಗೆಯನ್ನೇ ನೀರಿನ ಮೇಲಕ್ಕೆ ಎತ್ತಿಬಿಡುತ್ತದೆ. ಹಲಗೆಗೆ ನೀರಿನ ತಡೆ ತಪ್ಪುವುದರಿಂದ ಸಣ್ಣ ಗಾಳಿಯಲ್ಲೂ ಸದ್ದಿಲ್ಲದೆ ಸಾಗಬಹುದು. ಆಕೆ ದಂಡೆಗೆ ಬಂದಾಗ “ಹಳೇ ಹಲಗಿ ಬಿಟ್ಟೇನು?” ಎಂದು ಮಗಳ ಬಾಯಿಂದ ಕೇಳಿಸಿದೆ. ನಕ್ಕುಬಿಟ್ಟಳು. ಗಾಳಿ ಜೋರಿದ್ದ ದಿನ ಅದು, ಸಣ್ಣಗಿದ್ದ ದಿನ ಇದು, ಗಾಳಿ ಇಲ್ಲದ ದಿನ ಸೈಕಲ್ಲು, ಮಳೆ ನಿಂತಮೇಲೆ ಗುಡ್ಡ ಎಂದಳು. ಯಾವುದನ್ನೂ ಬಿಡುವ ಪ್ರಶ್ನೆಯೇ ಅವಳಿಗಿರಲಿಲ್ಲ.

ಊರಿಗೆ ಬಂದು ಇದನ್ನು ಹೇಳಿದೆ ನೋಡಿ, ಶುರುವಾಯಿತು. “ಈ ವಯಸ್ಸಿನ್ಯಾಗ?” ಎಂದರು ಒಬ್ಬರು. “ಒಂದು ಸಾಲದೇನು, ಎಲ್ಲಾ ಬೇಕೇನು ಆ ಹುಡುಗಿಗೆ?” ಎಂದರು ಇನ್ನೊಬ್ಬರು. ಕೇಳಿದವರ ಗಂಡ ಕ್ರಿಕೆಟ್ ನೋಡುತ್ತಾರೆ, ಇಸ್ಪೀಟು ಆಡುತ್ತಾರೆ, ಶಟ್ಲ್ ಆಡುತ್ತಾರೆ. ಅವರಿಗೆ ಯಾರೂ ಒಂದನ್ನು ಆರಿಸಿಕೋ ಎಂದಿಲ್ಲ. ಹೆಂಗಸಿನ ಸಂತೋಷವನ್ನು ಮಾತ್ರ ರೇಷನ್ ಕಾರ್ಡಿನ ಲೆಕ್ಕದಲ್ಲಿ ಅಳೆಯಬೇಕು!

“ಇದು ಗಂಡಸರ ಆಟ” ಎಂಬ ಮಾತೂ ಬಂತು. ಕೇಳಿ. ಅಮೆರಿಕದ ನ್ಯೂಮನ್ ಡಾರ್ಬಿ 1964ರಲ್ಲಿ ಇಂಥ ಹಾಯಿಹಲಗೆ ಮಾಡಿದಾಗ ಅದರ ಹಾಯಿಯನ್ನು ಹೊಲಿದವಳು ಆತನ ಹೆಂಡತಿ ನವೋಮಿ. ಆದರೆ ಒಲಿಂಪಿಕ್ಸ್‌ಗೆ ಈ ಆಟ ಬಂದಾಗ, 1984ರಲ್ಲಿ, ಸ್ಪರ್ಧೆ ಇದ್ದದ್ದು ಗಂಡಸರಿಗೆ ಮಾತ್ರ. ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆ ಸಿಗಲು 1992ರ ಬಾರ್ಸಿಲೋನಾ ಬರಬೇಕಾಯಿತು. ಎಂಟು ವರ್ಷ! ಅಲ್ಲಿಯೂ ದಾರದ ಉಂಡೆ ಹಿಡಿಯುವುದೇ ನಮ್ಮ ಪಾಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಾಯ್ಲ್ ಹಲಗೆ ಮೊದಲ ಸಲ ಬಂದಾಗ ಮಾತ್ರ ಹೆಣ್ಣು ಗಂಡು ಇಬ್ಬರಿಗೂ ಒಟ್ಟಿಗೇ ಬಂತು. ನಮ್ಮಲ್ಲೂ ಗೋವೆಯ ಕಾತ್ಯಾ ಕೊಯ್ಲೊ ಈ ಆಟದಲ್ಲಿ ಹೆಸರು ಮಾಡಿದ್ದಾಳೆ. ನಮ್ಮದೇ ರಾಜ್ಯದ ಮೂಲ್ಕಿಯ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಗಳಿಗೆ ದೇಶ ದಾಟಿ ಹೋಗಿಬಂದಿದ್ದಾಳೆ.

“ಅದು ಕಡಲಿನವರ ಮಾತು, ರೊಕ್ಕ ಇದ್ದವರ ಮಾತು” ಎನ್ನುತ್ತೀರಿ. ಒಪ್ಪುತ್ತೇನೆ. ಫಾಯ್ಲ್ ಹಲಗೆ ತರಿಸಿಕೊಡಿ ಎಂದು ನಾನು ಪುರಸಭೆಗೆ ಅರ್ಜಿ ಹಾಕುತ್ತಿಲ್ಲ. ಆದರೆ ನೀರು ನಮ್ಮಲ್ಲಿಲ್ಲ ಎನ್ನಬೇಡಿ. ಸಿಂಧನೂರಿನ ಭತ್ತವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದು. ಲಿಂಗಸುಗೂರಿನವರಿಗೆ ಕೃಷ್ಣೆ ಇದ್ದಾಳೆ, ಜಲದುರ್ಗವಿದೆ, ನಾರಾಯಣಪುರದ ಹಿನ್ನೀರಿದೆ. ಆಷಾಢದ ಗಾಳಿಯ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ನೀರಿದೆ, ಗಾಳಿಯಿದೆ. ನೀರಿನಲ್ಲಿ ನಿಲ್ಲಬಲ್ಲ ಹೆಂಗಸರು ಎಷ್ಟು ಮಂದಿ ಇದ್ದೇವೆ?

ಈ ಪ್ರಶ್ನೆಯನ್ನು ನಾನು ಆಟಕ್ಕೆಂದು ಕೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಹುಡುಗಿಯೊಬ್ಬಳು ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಜಾರಿದಳು. ದಂಡೆಯ ಮೇಲೆ ಏಳು ಹೆಂಗಸರಿದ್ದರು. ಏಳೂ ಜನ ಹುಟ್ಟಿದಂದಿನಿಂದ ಆ ನೀರಿನ ಪಕ್ಕದಲ್ಲೇ ಬದುಕಿದವರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಚೀರಿದರು, ಸೀರೆ ಎಸೆದರು. ಹೊಲದಿಂದ ಗಂಡಸರು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಟ್ಟೆಯ ಚೀಟಿ ಕೊಟ್ಟು ನೀರಿಗೆ ಕಳಿಸಿದೆವು, ಈಜಿನ ಚೀಟಿ ಕೊಡಲಿಲ್ಲ. ಮಣ್ಣು ಮಾಡಿ ಬಂದವರು ಆಡಿದ ಮಾತೇನು ಗೊತ್ತೆ? “ಹುಡುಗೇರನ್ನ ಕಾಲುವಿ ಕಡೆ ಬಿಡಬಾರದು.” ಈಜು ಕಲಿಸಬೇಕು ಎಂದು ಒಬ್ಬರೂ ಅನ್ನಲಿಲ್ಲ. ಆ ದಿನ ನಾನೂ ಬಾಯಿ ಬಿಡಲಿಲ್ಲ, ಈಜು ಬಲ್ಲವಳಾಗಿದ್ದೂ. ಆ ಮೌನದ ಪಾಪ ನನ್ನ ತಲೆಯ ಮೇಲಿದೆ.

ಜೀವ ಉಳಿಸಲು ಈಜು ಬೇಕು ಎಂದರೆ ನೀವೂ ತಲೆದೂಗುತ್ತೀರಿ. ಆದರೆ ಅಲ್ಲಿಗೇ ನಿಂತರೆ ಅದೂ ಮತ್ತೊಂದು ಡಾಕ್ಟರ ಚೀಟಿಯೇ ಆಯಿತು. ಭಯಕ್ಕೆ ಕಲಿತದ್ದು ಮೈಗೆ ಹತ್ತುವುದಿಲ್ಲ. ಸಂತೋಷಕ್ಕೆ ಕಲಿತದ್ದು ನಲವತ್ತು ವರ್ಷದ ಮೇಲೂ ಕೈಬಿಡುವುದಿಲ್ಲ. ಡಬ್ಬಿ ಕಟ್ಟಿ ಕಲಿತ ನನ್ನ ಈಜು ಗೋವೆಯಲ್ಲಿ ಹನ್ನೊಂದು ಸಲ ನನ್ನನ್ನು ಮೇಲೆತ್ತಿತಲ್ಲ!

ಆದ್ದರಿಂದ ಅಕ್ಕಂದಿರೇ, ನಾನು ಕೇಳುವುದು ಇಷ್ಟು. ಈಜುಕೊಳವಿರುವ ಊರಲ್ಲಿ ದಿನಕ್ಕೊಂದು ಗಂಟೆ ಹೆಂಗಸರದ್ದಾಗಲಿ, ಕಲಿಸಲು ಒಬ್ಬ ಹೆಣ್ಣುಮಗಳಿರಲಿ. ಸಂಜೆ ಶಾಲೆಯ ಮೈದಾನದಲ್ಲಿ ಹುಡುಗಿಯರ ಖೋಖೋಗೂ ಜಾಗ ಇರಲಿ. ಹನ್ನೆರಡಕ್ಕೆ “ದೊಡ್ಡಾಕಿ ಆದಿ” ಎಂದು ಸೈಕಲ್ಲನ್ನು ತಮ್ಮನಿಗೆ ಕೊಡಿಸುವ ಅಜ್ಜಿ ನಾವಾಗದಿರೋಣ. ಒಂದು ಆಟ ಕಲಿತವಳು ಇನ್ನೊಂದನ್ನು ಕೇಳಿದರೆ “ಸಾಲದೇ?” ಎನ್ನದಿರೋಣ. ಇದಕ್ಕೆ ಲಕ್ಷ ರೂಪಾಯಿ ಬೇಡ. ನಮ್ಮ ಕೆಮ್ಮು ನಿಂತರೆ ಸಾಕು.

ಮೊನ್ನೆ ಬೆಳಿಗ್ಗೆ ಎದುರುಮನೆಯ ರಾಯರು ಸಿಕ್ಕು “ಶುಗರ್ ಹ್ಯಾಂಗೈತ್ರಿ ಈಗ?” ಎಂದು ಕೇಳಿದರು. “ನನಗ ಶುಗರ್ ಇಲ್ರಿ, ಖುಷಿಗೆ ನಡೀತೀನಿ” ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನನ್ನ ಜೊತೆಗಿದ್ದ ನಾಲ್ವರೂ ಅವರು ಮರೆಯಾಗುವ ತನಕ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ ಒಬ್ಬಾಕೆ ಮೆಲ್ಲಗೆ ಹೇಳಿದಳು: “ಖರೇ ಹೇಳಬೇಕಂದ್ರ, ನನಗೂ ಶುಗರ್ ಇಲ್ಲವ್ವ.”