ಊರಿಗೆ ಬಂದರೆ ಮುಗಿಯಿತೇ?

“ಮಗು ಮನೆ ಸೇರಿ ಆಯ್ತಲ್ಲ ಸಾರ್, ಇನ್ನು ಆ ಅಮೆರಿಕದ ಆರ್ಡರು ನಮ್ಮನ್ನೇನು ಮಾಡುತ್ತೆ?” ಬೆಂಗಳೂರಿನ ವಕೀಲರ ಚೇಂಬರುಗಳಿಗೆ ಈ ಮಾತು ಹೊಸದಲ್ಲ. ಹೇಳುವವರು ಕೆಟ್ಟವರೇನಲ್ಲ. ಮಗಳ ಕಣ್ಣೀರು ಕಂಡ ಅಪ್ಪ, ಮೊಮ್ಮಗನ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿಸಿಟ್ಟ ಅಜ್ಜಿ. ಆದರೆ ಅವರ ನಿಶ್ಚಿಂತೆಯನ್ನು ಒಪ್ಪಲಾಗದು. ಅದಕ್ಕೆ ತಲೆಯಾಡಿಸುತ್ತಾ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ವಕೀಲರದ್ದನ್ನಂತೂ ಸುತರಾಂ ಒಪ್ಪಲಾಗದು.

2022ರ ಜುಲೈ ತೀರ್ಪನ್ನು ಓದಿದ್ದೀರಾ? ಅಮೆರಿಕದಲ್ಲಿ ಹುಟ್ಟಿದ ಹುಡುಗನನ್ನು 2020ರ ಮಾರ್ಚಿನಲ್ಲಿ ತಾಯಿ ಬೆಂಗಳೂರಿಗೆ ಕರೆತಂದರು. ವಾಪಸು ಕಳಿಸಿ ಎಂದು ವಾಷಿಂಗ್ಟನ್ ರಾಜ್ಯದ ಕೋರ್ಟು ಹೇಳಿತು. ಕರ್ನಾಟಕ ಹೈಕೋರ್ಟು ತಂದೆಯ ಕೋರಿಕೆಯನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು; ಮಗುವಿನ ಆಸೆ ಏನು ಎಂಬ ಪ್ರಶ್ನೆ ಬೇರೆ, ಅದರ ಹಿತ ಯಾವುದು ಎಂಬ ಪ್ರಶ್ನೆ ಬೇರೆ ಎಂದು ಹುಡುಗನನ್ನು ಅಮೆರಿಕಕ್ಕೆ ಮರಳಿಸಲು ಹೇಳಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಬೇರು ಬಿಟ್ಟ ಮೇಲೆ!

ಹಾಗೆಂದು ಆಚೆ ದಡದಲ್ಲಿ ಕೂತವರೂ ಬೀಗಬೇಕಿಲ್ಲ. ಆದೇಶದ ಪ್ರತಿಗೆ ಅಪೊಸ್ಟೈಲ್ ಮುದ್ರೆ ಬಿದ್ದರೆ ಸಾಕು, ಪೊಲೀಸರು ಮಗುವನ್ನು ಕರೆತಂದು ಕೊಡುತ್ತಾರೆ ಎಂದು ನಂಬುವವರಿದ್ದಾರೆ. ಆ ಮುದ್ರೆ ಹೇಳುವುದು ಇಷ್ಟೇ: ಸಹಿ ಅಸಲಿ, ಸೀಲು ಅಸಲಿ. ಆದೇಶ ಇಲ್ಲಿ ನಡೆಯುತ್ತದೆಯೇ ಎಂಬ ಬಗ್ಗೆ ಅದು ಸೊಲ್ಲೆತ್ತುವುದಿಲ್ಲ. ವಿದೇಶಿ ಕೋರ್ಟಿನ ಆದೇಶ ತೂಗಬೇಕಾದ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಕ್ಷೇಮವೇ ದೊಡ್ಡದು ಎಂದು ಸುಪ್ರೀಂ ಕೋರ್ಟು 2017ರಲ್ಲೇ ಖಡಾಖಂಡಿತವಾಗಿ ಹೇಳಿದೆ. ಅಂದರೆ ಎರಡೂ ಕಡೆಯವರ ಕೈಯಲ್ಲಿರುವುದು ಲಾಟರಿ ಚೀಟಿ.

ನಮ್ಮ ಕಾನೂನಿನ ಸೊಗಸು ನೋಡಿ. ಲಂಡನ್ನಿನ ಹೈಕೋರ್ಟು ಕೊಟ್ಟ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಸಲ್ಲಿಸಿದರೆ, ಇಲ್ಲಿನದೇ ಡಿಕ್ರಿಯಂತೆ ಅಮಲ್ಜಾರಿಗೆ ಹಾಕಬಹುದು. ಅದೇ ಲಂಡನ್ ಕೋರ್ಟು ಮಗು ಯಾರ ಬಳಿ ಇರಬೇಕು ಎಂದು ಕೊಟ್ಟ ಆದೇಶಕ್ಕೆ ಈ ಬಾಗಿಲು ತೆರೆಯುವುದಿಲ್ಲ. ಕಲಮು ಕೇಳುವುದು ರೊಕ್ಕವನ್ನು. ಮಗುವಿನ ವಿಷಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಥವಾ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ.

ಇದನ್ನು ಸರಿಪಡಿಸಬೇಕಾದವರ ಸೋಮಾರಿತನಕ್ಕೆ ಎಣೆಯಿಲ್ಲ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಸೇರಿ ಎಂದು ಕಾನೂನು ಆಯೋಗ 2009ರಲ್ಲಿ ಹೇಳಿತು. 2016ರಲ್ಲಿ ಕರಡು ಮಸೂದೆ. 2018ರಲ್ಲಿ ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿಯ ವರದಿ. ಎಲ್ಲ ಕಡತ ಸೇರಿದವು. ಒಂದು ದೇಶದ ಮಕ್ಕಳ ರಕ್ಷಣಾ ಆದೇಶಕ್ಕೆ ಇನ್ನೊಂದು ದೇಶದಲ್ಲಿ ತಾನಾಗಿ ಮಾನ್ಯತೆ ಕೊಡುವ 1996ರ ಒಪ್ಪಂದದ ಹೆಸರೂ ಇಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ.

ಹೊಡೆತ ತಿಂದು ಓಡಿಬಂದ ತಾಯಂದಿರ ಗತಿಯೇನು ಎನ್ನುತ್ತಾರೆ. ಈ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ. ಪರದೇಶದಲ್ಲಿ ಗಂಡನ ವೀಸಾದ ಮೇಲೆ ಬದುಕುವವಳ ಅಸಹಾಯಕತೆ ಸಣ್ಣದಲ್ಲ. ಆದರೆ ಗಂಭೀರ ಅಪಾಯವಿದ್ದರೆ ಮಗುವನ್ನು ಕಳಿಸದಿರಲು 1980ರ ಒಪ್ಪಂದದಲ್ಲೇ ದಾರಿಯಿದೆ. ಮಗುವಿನ ಮಾತು ಕೇಳದೆ ಹೊರಡಿಸಿದ ಆದೇಶವನ್ನು ನಿರಾಕರಿಸಲು 1996ರದ್ದರಲ್ಲಿದೆ. ಅವು ಸಾಲವು ಎನ್ನಿಸಿದರೆ ಇನ್ನೂ ಬಿಗಿಯಾಗಿ ಬರೆಯಿರಿ. ಬರೆಯದೆ ಕೂತದ್ದರಿಂದ ಯಾವ ತಾಯಿಗೆ ಯಾವ ರಕ್ಷಣೆ ಸಿಕ್ಕಿತು?

ಇರುವ ಉಪಾಯವನ್ನಾದರೂ ಬಳಸುತ್ತೇವೆಯೇ? ಎರಡೂ ದೇಶಗಳ ಕೋರ್ಟುಗಳಲ್ಲಿ ಒಂದೇ ಷರತ್ತಿನ ಪಡಿಯಚ್ಚು ಆದೇಶ ಪಡೆಯುವ ಕ್ರಮದ ಬಗ್ಗೆ ಸುಪ್ರೀಂ ಕೋರ್ಟು 2020ರಲ್ಲಿ ವಿವರವಾಗಿಯೇ ಬರೆದಿದೆ. ರಜೆಗೆಂದು ಮಗುವನ್ನು ಕರೆತರುವ ಮುನ್ನ ಗಂಡಹೆಂಡಿರ ನಡುವೆ ಬಿರುಕಿದ್ದರೆ, ಟಿಕೆಟ್ ಬುಕ್ ಮಾಡುವ ಮೊದಲು ಕೇಳಬೇಕಾದ ಮಾತದು. ನಾವು ಕೇಳುವುದು ಲಗೇಜು ಎಷ್ಟು ಕೇಜಿ ಬಿಡುತ್ತಾರೆ ಎಂದು.