ಶೇ. 5ರ ಗೆರೆ ದಾಟಿದರೆ ಶೇ. 95 ಸತ್ಯವೇ?

ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಔಷಧ ಕೆಲಸ ಮಾಡುವುದು ಶೇ. 95ರಷ್ಟು ಖಚಿತ ಎಂದು ಕಳೆದ ಸಂಚಿಕೆಯ ಲೇಖನ ಸಾರಿದೆ. ಇದು ಅಪ್ಪಟ ತಪ್ಪು. ಔಷಧಕ್ಕೆ ಯಾವ ಗುಣವೂ ಇಲ್ಲವೆಂದೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕೂ ಎದ್ದುಕಾಣುವ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು? ಪಿ-ಮೌಲ್ಯ ಹೇಳುವುದು ಅಷ್ಟನ್ನೇ. ಔಷಧಕ್ಕೆ ಗುಣವಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಲೆಕ್ಕ ಹಾಕಿಯೇ ನೋಡೋಣ. 1000 ಔಷಧಗಳಲ್ಲಿ ನಿಜಕ್ಕೂ ಕೆಲಸ ಮಾಡುವವು 100 ಎನ್ನಿ. ಪರೀಕ್ಷೆ ಅವುಗಳಲ್ಲಿ 80ನ್ನು ಗುರುತಿಸುತ್ತದೆ ಎಂದುಕೊಳ್ಳಿ. ಕೆಲಸಕ್ಕೆ ಬಾರದ 900ರಲ್ಲಿ ಶೇ. 5, ಅಂದರೆ ಸುಮಾರು 45, ಸುಮ್ಮಸುಮ್ಮನೆ ಪಾಸಾಗುತ್ತವೆ. ಪಾಸಾದ 125ರಲ್ಲಿ 45 ಪೊಳ್ಳು, ಶೇ. 36! ಲೇಖಕರ ಶೇ. 95 ಎಲ್ಲಿ ಹೋಯಿತು?

0.05 ದೇವರು ಎಳೆದ ಗೆರೆಯೂ ಅಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ಆರಿಸಿದ್ದು ಅನುಕೂಲಕ್ಕೆ. (ಆ ಅನುಕೂಲವನ್ನೇ ಸಂಶೋಧನಾ ಪತ್ರಿಕೆಗಳು ಶಾಸನ ಮಾಡಿಕೊಂಡವು.) 2012ರಲ್ಲಿ ಹಿಗ್ಸ್ ಕಣವನ್ನು ಘೋಷಿಸುವ ಮುನ್ನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದ ವಿಜ್ಞಾನಿಗಳು ಕಾದದ್ದು ಐದು ಸಿಗ್ಮಾಗೆ, ಅಂದರೆ ಸುಮಾರು 35 ಲಕ್ಷದಲ್ಲಿ ಒಂದರಷ್ಟು ಪಿ-ಮೌಲ್ಯಕ್ಕೆ.

ಲೇಖಕರು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘದ 2016ರ ಹೇಳಿಕೆಯನ್ನಾದರೂ ಓದಲಿ. ಅವರ ಇದೇ ತಪ್ಪನ್ನು ಅದು ಸ್ಪಷ್ಟವಾಗಿ ತಳ್ಳಿಹಾಕಿದೆ.