ಅದೇ ‘ಸ’, ಬೇರೆ ಬೇರೆ ಮುಖ

ಮಕ್ಕಳೇ, ಈ ವಾರದ ಆಟಕ್ಕೆ ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್ ಬೇಕು. ಎರಡೂ ಇಲ್ಲದಿದ್ದರೆ ಮೊಬೈಲಿನ ಪಿಯಾನೋ ಆ್ಯಪ್ ಆದರೂ ಆದೀತು. ಜೊತೆಗೆ ಅಜ್ಜನೋ ಅಜ್ಜಿಯೋ ಬೇಕೇ ಬೇಕು. ಇದು ಒಬ್ಬರೇ ಆಡುವ ಆಟವಲ್ಲ.

ಎರಡು ಕಪ್ಪು ಕೀಗಳು ಜೋಡಿಯಾಗಿರುವ ಜಾಗ ಹುಡುಕಿ. ಆ ಜೋಡಿಯ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ ನಮ್ಮ ‘ಸ’. ಅಲ್ಲಿಂದ ಬಲಕ್ಕೆ ಬರೀ ಬಿಳಿ ಕೀಗಳನ್ನು ಒತ್ತುತ್ತಾ ಹೋದರೆ ಸ ರಿ ಗ ಮ ಪ ದ ನಿ. ಎಂಟನೆಯದು ಮೇಲಿನ ‘ಸ’. ಸಂಗೀತ ಕಲಿಯುವವರು ಗುರುತು ಹಿಡಿದಿರಬಹುದು, ಇವು ಶಂಕರಾಭರಣದ ಸ್ವರಸ್ಥಾನಗಳು. ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟ್, ಪಾಶ್ಚಾತ್ಯರಲ್ಲಿ ಮೇಜರ್ ಸ್ಕೇಲ್.

ಈಗ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. (ಅಜ್ಜಿ, ಇದು ರೇಷನ್ ಕಾರ್ಡ್ ಅಲ್ಲ!) ನೀವು ಒತ್ತಿದ್ದು ಮೇಜರ್ ಕಾರ್ಡ್. ಇನ್ನು ‘ಗ’ ಮೇಲಿನ ಬೆರಳನ್ನು ಮಾತ್ರ ಅದರ ಎಡಕ್ಕಿರುವ ಕಪ್ಪು ಕೀಗೆ ಸರಿಸಿ. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂತು. ಇದು ಮೈನರ್ ಕಾರ್ಡ್. ಎರಡು ಸ್ವರ ಇದ್ದಲ್ಲೇ ಇವೆ, ಒಂದು ಅರ್ಧ ಹೆಜ್ಜೆ ಇಳಿದಿದೆ, ಅಷ್ಟೇ. ಆದರೂ ಬಿಸಿಲಿದ್ದ ಅಂಗಳಕ್ಕೆ ಮೋಡ ಕವಿದ ಹಾಗಾಯಿತಲ್ಲವೇ?

ನಿಜವಾದ ಆಟ ಈಗ ಶುರು. ನೀವು ಮೇಲಿನ ‘ಸ’ವನ್ನು ಒತ್ತಿ ಹಿಡಿದುಕೊಳ್ಳಿ. ಏನೇ ಆದರೂ ಬಿಡಬೇಡಿ. ಅಜ್ಜ ಕೆಳಗೆ ಮೊದಲು ಸ-ಗ-ಪ ನುಡಿಸಲಿ. ನಿಮ್ಮ ‘ಸ’ ಮನೆಯೊಳಗೆ ಕುಳಿತ ಹಾಗೆ ನೆಮ್ಮದಿಯಾಗಿರುತ್ತದೆ. ಆಮೇಲೆ ಅಜ್ಜ ಗ-ದ ಎರಡನ್ನೇ ನುಡಿಸಲಿ. ಈಗ ಅದೇ ‘ಸ’ ಮೈನರ್ ಕಾರ್ಡಿನೊಳಗೆ ಸೇರಿತು, ಏನನ್ನೋ ನೆನೆಯುತ್ತಿರುವಂತೆ ಕೇಳುತ್ತದೆ. ಕೊನೆಗೆ ಮ-ದ. ‘ಗ’ ಇದ್ದ ಕಡೆ ‘ಮ’ ಬಂದಿತು, ಮತ್ತೆ ಮೇಜರ್, ಮತ್ತೆ ಹಗುರ. ನಿಮ್ಮ ಬೆರಳು ಒಂದಿಷ್ಟೂ ಕದಲಲಿಲ್ಲ. ಬದಲಾದದ್ದು ಜೊತೆಗಾರರು ಮಾತ್ರ. ಸ್ವರದ ಭಾವ ಸ್ವರದೊಳಗೇ ಇರುವುದಿಲ್ಲ, ಅದರ ಸಂಗಡ ಯಾರಿದ್ದಾರೆ ಎನ್ನುವುದರಲ್ಲೂ ಇರುತ್ತದೆ.

ಯಾವುದರ ನಂತರ ಯಾವುದು ಬಂತು ಎನ್ನುವುದೂ ಮುಖ್ಯ. ಪ-ನಿ-ಮೇಲಿನ ರಿ ಒಟ್ಟಿಗೆ ನುಡಿಸಿ, ನಿಲ್ಲಿಸಿಬಿಡಿ. ಅರ್ಧ ಹೆಜ್ಜೆ ದೂರದಲ್ಲಿರುವ ‘ಸ’ಕ್ಕೆ ಹೋಗಲು ‘ನಿ’ ಕಾತರಿಸುತ್ತದೆ. ಸ-ಗ-ಪ ನುಡಿಸಿದ ಮೇಲೆಯೇ ಕಿವಿಗೆ ಸಮಾಧಾನ. ಹುಟ್ಟುಹಬ್ಬದ ಆ ಇಂಗ್ಲಿಷ್ ಹಾಡನ್ನು ಕೊನೆಯ ಒಂದು ಪದ ಬಿಟ್ಟು ನಿಲ್ಲಿಸಿ ನೋಡಿ. ಪಕ್ಕದಲ್ಲಿದ್ದವರು ತಡೆಯಲಾರದೆ ತಾವೇ ಹಾಡಿ ಮುಗಿಸುತ್ತಾರೆ!

ಹಾಗಾದರೆ ನಮ್ಮ ಶಾಸ್ತ್ರೀಯ ಸಂಗೀತದಲ್ಲಿ? ಅಲ್ಲಿ ತಂಬೂರಿ ಕಚೇರಿ ಮುಗಿಯುವವರೆಗೂ ಒಂದೇ ಶ್ರುತಿಯನ್ನು ಮೀಟುತ್ತದೆ. ನೆಲ ನಿಂತಿರುತ್ತದೆ, ಸ್ವರಗಳು ಅದರ ಮೇಲೆ ನಡೆಯುತ್ತವೆ. ಭಾವ ಬರುವುದು ರಾಗದ ನಡೆಯಿಂದ, ಗಮಕದಿಂದ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರದ ಕೆಳಗಿನ ನೆಲವೇ ಸರಿಯುತ್ತದೆ. ಈ ಎರಡು ಲೋಕಗಳ ನಡುವೆ ಬಹಳ ಹಿಂದೆಯೇ ಓಡಾಟವಿತ್ತು. ಮುತ್ತುಸ್ವಾಮಿ ದೀಕ್ಷಿತರು (1775–1835) ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಶಂಕರಾಭರಣದಲ್ಲಿ ನೊಟ್ಟುಸ್ವರಗಳನ್ನು ರಚಿಸಿದರು. ಇಂದಿನ ಸಿನಿಮಾ ಹಾಡುಗಳಲ್ಲಂತೂ ರಾಗವೂ ಕಾರ್ಡೂ ಒಟ್ಟಿಗೇ ಕೆಲಸ ಮಾಡುತ್ತವೆ.

ಒಂದು ಎಚ್ಚರಿಕೆ. ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ ಎಂದು ಬಾಯಿಪಾಠ ಮಾಡಬೇಡಿ. ವೇಗ ಹೆಚ್ಚಿಸಿದರೆ ಮೈನರ್ ಕೂಡ ಕುಣಿಸುತ್ತದೆ. ಸಾಧಾರಣ ಗಾಂಧಾರವಿರುವ ನಮ್ಮ ರಾಗಗಳೆಲ್ಲ ಅಳುವ ರಾಗಗಳೂ ಅಲ್ಲ. ಕೇಳುವವರ ನೆನಪುಗಳೂ ಹಾಡಿನ ಜೊತೆ ಸೇರಿಕೊಳ್ಳುತ್ತವೆ.

ಅದಕ್ಕೇ ಈ ವಾರದ ಕೆಲಸ ಹೀಗಿದೆ. ಮೇಲಿನ ಮೂರು ಕಾರ್ಡುಗಳನ್ನು ಒಂದೊಂದಾಗಿ ನುಡಿಸಿ. ಪ್ರತಿಯೊಂದಕ್ಕೂ ಅನಿಸಿದ್ದನ್ನು ಒಂದೇ ಪದದಲ್ಲಿ ನೀವೊಂದು ಚೀಟಿಯಲ್ಲಿ, ಅಜ್ಜಿ ಇನ್ನೊಂದು ಚೀಟಿಯಲ್ಲಿ ಬರೆಯಿರಿ. ಇಣುಕಬಾರದು! ಎರಡು ಚೀಟಿಗಳು ಹೊಂದದಿದ್ದರೆ ಯಾರೂ ಸೋತಂತಲ್ಲ. “ಅಜ್ಜಿ, ನಿಮಗೆ ಯಾಕೆ ಹಾಗನ್ನಿಸಿತು?” ಎಂದು ಕೇಳಿ. ನೀವು ಇದುವರೆಗೆ ಕೇಳಿರದ ಕತೆಯೊಂದು ಹೊರಬಂದರೂ ಬರಬಹುದು.